ಅಪ್ಪನ ನಾಯಿ ನನ್ನ ಹತ್ತಿರ ಬರುತ್ತಿಲ್ಲ

ಹೊಳೆಯಾಚೆ, ತೀರ್ಥಹಳ್ಳಿ ತಾಲ್ಲೂಕು · ಏಪ್ರಿಲ್ 14

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಅಪ್ಪ ತೀರಿಕೊಂಡರು. ಹನ್ನೊಂದು ವರ್ಷ ಬೆಂಗಳೂರಿನಲ್ಲಿದ್ದ ನಾನು ತೋಟ ನೋಡಿಕೊಳ್ಳಲು ಊರಿನಲ್ಲೇ ಉಳಿದಿದ್ದೇನೆ. ಮನೆಯಲ್ಲಿ ಅಮ್ಮ, ನಾನು, ಎರಡು ಹಸು, ಮತ್ತೆ ಅಪ್ಪನ ನಾಯಿ ಕೆಂಚ.

ಕೆಂಚನಿಗೆ ಏಳು ವರ್ಷ. ಊರ ನಾಯಿ. ಒಂದು ಆಷಾಢದ ಮಳೆಯಲ್ಲಿ ಸಂಕದ ಬುಡದಲ್ಲಿ ನಡುಗುತ್ತಿದ್ದ ಮರಿಯನ್ನು ಅಪ್ಪ ಕಂಬಳಿಕೊಪ್ಪೆಯೊಳಗೆ ಇಟ್ಟುಕೊಂಡು ತಂದಿದ್ದರಂತೆ. ನಾನು ಹಬ್ಬಕ್ಕೆ ಬಂದಾಗ ಬಾಲ ಅಲ್ಲಾಡಿಸುತ್ತಿದ್ದ, ಬಸ್ಸಿಗೆ ಹೊರಟಾಗ ಉಣುಗೋಲಿನ (ದಾರಿಗೆ ಅಡ್ಡ ಹಾಕುವ ಗಳುಗಳ ಬಾಗಿಲಿನ) ತನಕ ಬರುತ್ತಿದ್ದ. ನಮ್ಮಿಬ್ಬರ ಪರಿಚಯ ಇಷ್ಟೇ. ಅವನು ನನ್ನವನೂ ಹೌದು ಎಂದು ನಾನು ಅಂದುಕೊಂಡಿದ್ದೆ.

ಈಗ ಎರಡು ತಿಂಗಳಾಗುತ್ತಾ ಬಂತು, ಅವನು ನನ್ನ ಹತ್ತಿರ ಸುಳಿಯುವುದಿಲ್ಲ. ನಾನು ಜಗುಲಿಗೆ ಬಂದರೆ ಅವನು ಅಂಗಳಕ್ಕೆ ಇಳಿಯುತ್ತಾನೆ. ಅಂಗಳಕ್ಕೆ ಇಳಿದರೆ ಕೊಟ್ಟಿಗೆಯ ಹಿಂದೆ ಹೋಗುತ್ತಾನೆ. ಅನ್ನಕ್ಕೆ ಮಜ್ಜಿಗೆ ಹಾಕಿ ಇಟ್ಟರೆ ನಾನು ಒಳಗೆ ಹೋಗುವವರೆಗೂ ತಟ್ಟೆ ಮುಟ್ಟುವುದಿಲ್ಲ. ಅಮ್ಮ ಇಟ್ಟರೆ ತಿನ್ನುತ್ತಾನೆ, ಅದೂ ಅರ್ಧ. ತೀರ್ಥಹಳ್ಳಿಯಿಂದ ಬಿಸ್ಕತ್ತು, ನಾಯಿಯ ಆಹಾರದ ಪೊಟ್ಟಣ ಎಲ್ಲ ತಂದೆ. ಇರುವೆಗಳಿಗಾಯಿತು.

ಸಂಜೆ ನಾಲ್ಕೂವರೆಗೆ ಮಾತ್ರ ತಪ್ಪದೆ ಉಣುಗೋಲಿನ ಬಳಿ ಹೋಗಿ ಕೂರುತ್ತಾನೆ. ಅಪ್ಪ ಹಾಲು ಹಾಕಿ ವಾಪಸು ಬರುತ್ತಿದ್ದ ಹೊತ್ತು ಅದು. ಕತ್ತಲಾಗುವ ತನಕ ದಾರಿ ನೋಡಿ, ಆಮೇಲೆ ಎದ್ದು ಬರುತ್ತಾನೆ. ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡುತ್ತಾ ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ.

ಇನ್ನೂ ಒಂದು ಚಿಂತೆ. ಪಕ್ಕದ ಕೇರಿಯಲ್ಲಿ ಚಿರತೆ ನಾಯಿಯನ್ನು ಹೊತ್ತುಕೊಂಡು ಹೋಗಿದೆ. ರಾತ್ರಿ ಕಟ್ಟಿಹಾಕು ಎಂದು ಎಲ್ಲರೂ ಹೇಳುತ್ತಾರೆ. ಹತ್ತಿರವೇ ಬಾರದವನನ್ನು ಕಟ್ಟುವುದು ಹೇಗೆ? ನಾಯಿಯೊಂದಿಗೆ ಬಾಳಿ ಬಲ್ಲವರು ದಯವಿಟ್ಟು ಹೇಳಿ.

ಬಚ್ಚಲೊಲೆ, ಸಾಗರ · ಏಪ್ರಿಲ್ 14

ತಮ್ಮಾ, ಮೊದಲು ಆ ಬಿಸ್ಕತ್ತು ಹಿಡಿದುಕೊಂಡು ಅವನ ಹಿಂದೆ ಓಡಾಡುವುದನ್ನು ಬಿಡು. ನನಗೆ ಅರವತ್ತೆಂಟು ವರ್ಷ. ತವರಿನಲ್ಲೂ ಸೇರಿದ ಮನೆಯಲ್ಲೂ ನಾಯಿ ಇಲ್ಲದ ದಿನವನ್ನು ನಾನು ಕಂಡಿಲ್ಲ, ಆ ಅನುಭವದಿಂದ ಹೇಳುತ್ತಿದ್ದೇನೆ.

ನಾನು ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಒಂದು ಕರಿ ನಾಯಿ ಇತ್ತು. ಮಾವನವರನ್ನು ಬಿಟ್ಟರೆ ಯಾರಿಗೂ ಸೊಪ್ಪು ಹಾಕುತ್ತಿರಲಿಲ್ಲ. ನನ್ನನ್ನು ಕಂಡರೆ ಹಲ್ಲು ತೋರಿಸುತ್ತಿತ್ತು. ನಾನೂ ಆಗ ಹೊಸಬಳು, ಯಾರ ಹತ್ತಿರ ಏನು ಕೇಳಬೇಕು ಎಂದು ಗೊತ್ತಿಲ್ಲದವಳು. ನಸುಕಿನಲ್ಲಿ ಎದ್ದು ಬಚ್ಚಲೊಲೆಗೆ ಬೆಂಕಿ ಹಾಕುವುದು ನನ್ನ ಕೆಲಸ. ಮಳೆಗಾಲದಲ್ಲಿ ಅದು ರಾತ್ರಿಯಿಡೀ ಒಲೆಯ ಬಿಸಿ ಬೂದಿಯ ಮೇಲೆ ಸುರುಳಿ ಸುತ್ತಿ ಮಲಗಿರುತ್ತಿತ್ತು. ಬೆಂಕಿ ಹಾಕಬೇಕೆಂದರೆ ಅದನ್ನು ಎಬ್ಬಿಸಬೇಕು. ಹಿಂದಿನವರು ಕೊಳ್ಳಿ ತೋರಿಸಿ ಎಬ್ಬಿಸುತ್ತಿದ್ದರಂತೆ. ನನಗೆ ಮನಸ್ಸು ಬರಲಿಲ್ಲ. ಚಳಿಗೆ ಮೈ ಮುದುಡಿ ಮಲಗಿದವರನ್ನು ಬೆಂಕಿ ತೋರಿಸಿ ಎಬ್ಬಿಸುವುದೇ? ನಾನು ಕೊಡಪಾನ ಇಟ್ಟು, ಪುಳ್ಳೆ ಮುರಿದು, ಸದ್ದು ಮಾಡಿಕೊಂಡು ಅಲ್ಲೇ ಕಾಯುತ್ತಿದ್ದೆ. ಅದಾಗಿ ಅದು ಎದ್ದು ಮೈ ಕೊಡವಿ ಹೋಗುತ್ತಿತ್ತು. ದಿನವೂ ಹೀಗೆಯೇ. ಮಳೆ ಮುಗಿದು ನವರಾತ್ರಿ ಬರುವ ಹೊತ್ತಿಗೆ, ನಾನು ಬಾವಿಗೆ ಹೋದರೆ ಬಾವಿಗೆ, ಸೊಪ್ಪಿನ ಬೆಟ್ಟಕ್ಕೆ ಹೋದರೆ ಬೆಟ್ಟಕ್ಕೆ, ನಾಲ್ಕು ಮಾರು ಹಿಂದೆ ಬರುತ್ತಿತ್ತು. ನಾನು ಅದಕ್ಕೆ ಕೊಟ್ಟದ್ದು ದಿನಕ್ಕೆ ಐದು ನಿಮಿಷ, ಅಷ್ಟೇ.

ಒಂದು ವಿಷಯ ಕೇಳುತ್ತೇನೆ, ಬೇಸರಿಸಬೇಡ. ಹಬ್ಬಕ್ಕೆ ಬಂದಾಗ ಬಾಲ ಅಲ್ಲಾಡಿಸುತ್ತಿದ್ದವನು ಈಗ ದೂರ ಹೋಗುತ್ತಾನೆ ಎಂದರೆ ನಡುವೆ ಏನೋ ನಡೆದಿರಬೇಕು. ಬರಿಯ ದುಃಖವಾದರೆ ನಾಯಿ ಮಂಕಾಗುತ್ತದೆ, ಓಡುವುದಿಲ್ಲ. ಆ ದಿನಗಳಲ್ಲಿ ಏನಾಯಿತು, ನೆನಪು ಮಾಡಿಕೊ.

ಮಳೆಹಾದಿ, ಸೊರಬ · ಏಪ್ರಿಲ್ 14

ನಮ್ಮ ಅಜ್ಜ ಹೋದ ಮೇಲೆ ಅವರ ನಾಯಿ ನಾಲ್ಕು ತಿಂಗಳು ಅವರ ಮಂಚದ ಕೆಳಗೇ ಇತ್ತು. ಒಂದು ದಿನ ತಾನಾಗಿ ಹೊರಗೆ ಬಂತು. ಕಾಯಿರಿ ಅಣ್ಣ.

ಪಶುವೈದ್ಯೆ, ಶಿವಮೊಗ್ಗ · ಏಪ್ರಿಲ್ 15

ಮನಸ್ಸಿನ ಮಾತಿಗೆ ಮೊದಲು ಮೈಯ ಮಾತು ಹೇಳಿಬಿಡುತ್ತೇನೆ. ಏಳು ವರ್ಷದ ನಾಯಿ ಅರ್ಧ ಊಟ ಬಿಡುತ್ತಿದೆ ಎಂದರೆ ಅದನ್ನು ದುಃಖದ ಲೆಕ್ಕಕ್ಕೇ ಬರೆದುಬಿಡಬೇಡಿ. ನಮ್ಮ ಕಡೆ ಉಣುಗಿನಿಂದ, ಅಂದರೆ ಉಣ್ಣೆಹುಳದಿಂದ, ಬರುವ ಜ್ವರ ಬಹಳ. ಒಸಡು ಬಿಳಿಚಿಕೊಂಡಿದೆಯೇ, ಮೂಗಿನಲ್ಲಿ ರಕ್ತ ಕಾಣುತ್ತದೆಯೇ, ಬೇಗ ಸುಸ್ತಾಗುತ್ತಾನೆಯೇ ಎಂದು ದೂರದಿಂದಲೇ ಗಮನಿಸಿ. ಈ ತಿಂಗಳುಗಳಲ್ಲಿ ಉಣುಗಿನ ವಿಷಯದಲ್ಲಿ ನಿಮಗೂ ಎಚ್ಚರ ಬೇಕು. ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಎಂಬುದು ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತು. ಕಾಡಿನ ದರಕಿನ (ಒಣ ಎಲೆಗಳ) ಮೇಲೆ ಹೊರಳಿ ಬಂದ ನಾಯಿಯ ಮೈಗೆ ಅಂಟಿಕೊಂಡೂ ಉಣುಗು ಮನೆಯೊಳಗೆ ಬರುತ್ತದೆ. ಉಣುಗಿನ ಔಷಧಿ, ಜಂತುಹುಳದ ಔಷಧಿ, ರೇಬೀಸ್ ಲಸಿಕೆ ಇವುಗಳ ಚೀಟಿ ಮನೆಯಲ್ಲಿದೆಯೇ ಹುಡುಕಿ. ಯಾರಾದರೂ ಅಡಿಕೆ ತಿನ್ನಿಸಿ ಎಂದರೆ ಕೇಳಬೇಡಿ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶವನ್ನು ಹಿಂದೆ ನಾಯಿಗಳ ಲಾಡಿಹುಳಕ್ಕೆ ಔಷಧಿಯಾಗಿ ಕೊಡುತ್ತಿದ್ದದ್ದು ನಿಜ, ಆದರೆ ಪ್ರಮಾಣ ತಪ್ಪಿದರೆ ಅದು ವಿಷ.

ಇನ್ನು ಬಿಸ್ಕತ್ತಿನ ವಿಷಯ. ಸಾಗರದ ಅಮ್ಮ ಹೇಳಿದ್ದು ಸರಿ. ಕೋಲ್ಕತ್ತಾದ ಐಸರ್ ಎಂಬ ವಿಜ್ಞಾನ ಸಂಸ್ಥೆಯ ಸಂಶೋಧಕರು ಬೀದಿನಾಯಿಗಳ ಮೇಲೆ ನಡೆಸಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅಪರಿಚಿತ ವ್ಯಕ್ತಿಯೊಬ್ಬರು ಕೆಲವು ನಾಯಿಗಳಿಗೆ ಮತ್ತೆ ಮತ್ತೆ ತಿಂಡಿ ಕೊಟ್ಟರು, ಕೆಲವಕ್ಕೆ ತಲೆ ಸವರಿದರು. ಹೆಚ್ಚು ನಂಬಿ ಹತ್ತಿರ ಬಂದದ್ದು ತಲೆ ಸವರಿಸಿಕೊಂಡ ನಾಯಿಗಳು. ಹಸಿದಿರುವ ಬೀದಿನಾಯಿಯೇ ಹೀಗೆ ಆಯ್ದುಕೊಳ್ಳುತ್ತದೆ ಎನ್ನುವುದನ್ನು ಮೊದಲ ಬಾರಿ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ನನ್ನ ಪ್ರಶ್ನೆಯೂ ಸಾಗರದ ಅಮ್ಮನದೇ, ಇನ್ನೂ ನೇರವಾಗಿ ಕೇಳುತ್ತೇನೆ. ನೀವು ಎಂದಾದರೂ ಅವನನ್ನು ಕರೆದು ಹಿಡಿದದ್ದು ಉಂಟೇ?

ಹೊಳೆಯಾಚೆ, ತೀರ್ಥಹಳ್ಳಿ ತಾಲ್ಲೂಕು · ಏಪ್ರಿಲ್ 15

ಉಂಟು. ಈ ಪ್ರಶ್ನೆ ಓದಿದಾಗ ಎದೆ ಧಸಕ್ಕೆಂದಿತು.

ಅಪ್ಪನ ವೈಕುಂಠ ಸಮಾರಾಧನೆಯ ದಿನ. ಮನೆ ತುಂಬ ಜನ, ಅಂಗಳದಲ್ಲಿ ಚಪ್ಪರ. ಕೆಂಚ ಅಡುಗೆಯವರ ಕಾಲಿಗೆ ಅಡ್ಡ ಬರುತ್ತಿದ್ದ, ಕಟ್ಟಿಹಾಕಬಾರದೇ ಎಂದು ಯಾರೋ ಅಂದರು. ನಾನು ಕೈಯಲ್ಲಿ ಬಿಸ್ಕತ್ತು ಹಿಡಿದು, ಅಪ್ಪ ಕರೆಯುತ್ತಿದ್ದ ಧಾಟಿಯಲ್ಲೇ ‘ಬಾರೋ ಕೆಂಚ’ ಎಂದು ಕರೆದೆ. ಅವನು ಓಡಿ ಬಂದ. ಅಷ್ಟು ದಿನಗಳ ನಂತರ ಆ ಕರೆ ಕೇಳಿ ಕಿವಿ ಹಿಂದಕ್ಕೆ ಮಾಡಿಕೊಂಡು, ಮೈಯೆಲ್ಲ ಬಾಲವಾಗಿ ಬಂದ. ನಾನು ಕೊರಳಿಗೆ ಸರಪಳಿ ಬಿಗಿದು ಕೊಟ್ಟಿಗೆಯ ಕಂಬಕ್ಕೆ ಕಟ್ಟಿದೆ. ಏಳು ವರ್ಷದಲ್ಲಿ ಅವನು ಸರಪಳಿ ಕಂಡವನಲ್ಲ. ನೆಂಟರನ್ನು ಕಳಿಸುವ ಗಡಿಬಿಡಿಯಲ್ಲಿ ರಾತ್ರಿಯವರೆಗೂ ಬಿಚ್ಚುವುದನ್ನು ಮರೆತೆ. ನೀರು ಇಟ್ಟಿದ್ದೆನೇ ಎಂದೂ ಈಗ ನೆನಪಾಗುತ್ತಿಲ್ಲ.

ಅಮ್ಮನಿಗೆ ಇದನ್ನು ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: ‘ನಿನ್ನ ಅಪ್ಪ ಅವನನ್ನು ಒಂದು ದಿನವೂ ಸುಳ್ಳು ಕರೆ ಕರೆದಿಲ್ಲ. ಮೈ ತೊಳೆಯಬೇಕಾದರೆ, ಔಷಧಿ ಹಾಕಬೇಕಾದರೆ ತಾವೇ ಎದ್ದು ಅವನು ಇದ್ದಲ್ಲಿಗೆ ಹೋಗುತ್ತಿದ್ದರು. ಕರೆದರೆ ಮಾತ್ರ ಒಳ್ಳೆಯದಕ್ಕೇ ಕರೆಯುತ್ತಿದ್ದರು.’

ಬಚ್ಚಲೊಲೆ, ಸಾಗರ · ಏಪ್ರಿಲ್ 15

ನಿನ್ನ ಮೇಲೆ ನನಗೆ ಕೋಪವಿಲ್ಲ ತಮ್ಮಾ. ಅಂಥ ದಿನದಲ್ಲಿ ಯಾರಿಗೆ ಏನು ನೆನಪಿರುತ್ತದೆ? ಆದರೆ ಇನ್ನು ‘ಬಾರೋ’ ಎಂದು ಕರೆಯಬೇಡ. ಆ ಮಾತು ಈಗ ಕೆಟ್ಟಿದೆ. ಸಂಜೆ ನಾಲ್ಕೂವರೆಗೆ ನೀನೂ ಉಣುಗೋಲಿನ ಹತ್ತಿರ ಹೋಗು. ಅವನಿಂದ ಹತ್ತು ಮಾರು ದೂರದಲ್ಲಿ, ಮುಖ ದಾರಿಯ ಕಡೆಗೆ ಮಾಡಿ ಕೂರು. ಅವನನ್ನು ನೋಡಬೇಡ. ನೀವಿಬ್ಬರೂ ಕಾಯುತ್ತಿರುವುದು ಒಬ್ಬರನ್ನೇ.

ತುಂಗಾತೀರ, ಶಿವಮೊಗ್ಗ · ಏಪ್ರಿಲ್ 16

ಎಲ್ಲರ ಮಾತನ್ನೂ ಗೌರವದಿಂದಲೇ ಓದುತ್ತಿದ್ದೇನೆ. ಆದರೂ ಇನ್ನೊಂದು ಬದಿಯನ್ನು ಹೇಳಬೇಕು ಅನಿಸುತ್ತಿದೆ. ಹೋದ ವರ್ಷ ನನ್ನ ಮಗಳನ್ನು, ಒಂಬತ್ತು ವರ್ಷದವಳು, ಮನೆಯಿಂದ ಟ್ಯೂಷನ್‌ಗೆ ಹೋಗುವ ದಾರಿಯಲ್ಲಿ ನಾಯಿ ಕಚ್ಚಿತು. ಬೀದಿಯದ್ದಲ್ಲ, ಕೊರಳಲ್ಲಿ ಪಟ್ಟಿ ಇತ್ತು. ಬೆಳಿಗ್ಗೆ ಸಂಜೆ ಬಿಟ್ಟುಬಿಡುವ ಮನೆನಾಯಿ. ಲಸಿಕೆ ಆಗಿದೆಯೇ ಎಂದು ಕೇಳಿದರೆ ಉತ್ತರವಿಲ್ಲ.

ನಲ್ಲಿಯ ಕೆಳಗೆ ಕಾಲು ಹಿಡಿದು ಹದಿನೈದು ನಿಮಿಷ ಸೋಪಿನಿಂದ ತೊಳೆದೆ. ಅವಳು ಅಳುತ್ತಿದ್ದಳು, ನಾನು ಗಡಿಯಾರ ನೋಡುತ್ತಿದ್ದೆ. ಪಕ್ಕದವರು ಅರಿಶಿನ ತಂದರು, ಬೇಡ ಎಂದೆ. ಆಸ್ಪತ್ರೆಯಲ್ಲಿ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧ ಸಿದ್ಧ ಪ್ರತಿಕಾಯಗಳ ಮದ್ದು) ಚುಚ್ಚಿದರು. ಮೊದಲ ದಿನದ್ದನ್ನು ಸೊನ್ನೆ ಎಂದು ಎಣಿಸಿ 3, 7, 14, 28ನೆಯ ದಿನಗಳಲ್ಲಿ ಲಸಿಕೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ವಿರಳ ಎಂದು ಗೊತ್ತಿದ್ದ ತಂದೆಗೆ ಆ ಇಪ್ಪತ್ತೆಂಟು ದಿನ ಹೇಗೆ ಕಳೆದಿರಬಹುದು, ಯೋಚಿಸಿ.

ನಾಯಿ ನಮ್ಮನ್ನು ನಂಬುತ್ತದೆ ಎಂಬ ಮಾತು ದೊಡ್ಡದು, ಒಪ್ಪುತ್ತೇನೆ. ಆದರೆ ನಾಯಿ ಸಾಕಿದವರನ್ನು ಬೀದಿಯ ಮಕ್ಕಳೂ ನಂಬಿಯೇ ನಡೆಯುತ್ತಾರೆ. ವರ್ಷಕ್ಕೊಂದು ಲಸಿಕೆ ಹಾಕಿಸದವರ ಪ್ರೀತಿಯನ್ನು ನಾನು ಪ್ರೀತಿ ಎನ್ನಲಾರೆ.

ಪಶುವೈದ್ಯೆ, ಶಿವಮೊಗ್ಗ · ಏಪ್ರಿಲ್ 16

ನೀವು ಮಾಡಿದ್ದು ಅಕ್ಷರಶಃ ಸರಿಯಾದ ಕ್ರಮ. ನಿಮ್ಮ ಕೊನೆಯ ಸಾಲನ್ನು ಆಸ್ಪತ್ರೆಯ ಗೋಡೆಗೆ ಬರೆಸಬೇಕು ಅನಿಸಿತು. ಮಗಳು ಈಗ ಹೇಗಿದ್ದಾಳೆ?

ತುಂಗಾತೀರ, ಶಿವಮೊಗ್ಗ · ಏಪ್ರಿಲ್ 16

ಆರು ತಿಂಗಳು ನಾಯಿ ಕಂಡರೆ ರಸ್ತೆ ದಾಟುತ್ತಿದ್ದಳು. ಮೇಲಿನ ಮನೆಯವರ ಮುದಿ ನಾಯಿಯೊಂದಿದೆ, ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಒಂದು ದಿನ ಅದು ಮೆಟ್ಟಿಲು ಇಳಿಯಲಾಗದೆ ನಿಂತಿತ್ತು. ಇವಳು ಕೆಳಗಿನ ಮೆಟ್ಟಿಲಲ್ಲಿ ನಿಂತು ‘ಇಲ್ಲಿ, ಇಲ್ಲಿ’ ಎನ್ನುತ್ತಾ ಒಂದೊಂದೇ ಮೆಟ್ಟಿಲನ್ನು ಕೈಯಿಂದ ತಟ್ಟಿ ಇಳಿಸಿದಳು. ಅದು ಇವಳ ದನಿ ನಂಬಿಕೊಂಡು ಇಳಿಯಿತು. ಈಗ ಶಾಲೆಯಿಂದ ಬಂದವಳು ಮೊದಲು ಅದನ್ನು ಕೆಳಗಿಳಿಸಿಯೇ ಊಟಕ್ಕೆ ಕೂರುವುದು. ನಾನು ಅವಳಿಗೆ ಹೇಳಿಕೊಟ್ಟದ್ದಲ್ಲ.

ಕಾನಂಚು, ಹೊಸನಗರ ತಾಲ್ಲೂಕು · ಏಪ್ರಿಲ್ 17

ಚಿರತೆಯ ವಿಷಯಕ್ಕೆ ಯಾರೂ ಉತ್ತರಿಸಿಲ್ಲ, ನಾನು ಬರೆಯುತ್ತೇನೆ. ಇದನ್ನು ಮನೆಯವರ ಎದುರೂ ಪೂರ್ತಿ ಹೇಳಿಕೊಂಡಿಲ್ಲ.

ನಮ್ಮ ಮನೆ ಕಾನಿನ ಅಂಚಿನಲ್ಲಿದೆ. ಮೋತಿ ಎಂಬ ನಾಯಿಯಿತ್ತು. ಕಾಡುಹಂದಿ ಗದ್ದೆಗೆ ಇಳಿದರೆ ಕೂಗಿ ಎಬ್ಬಿಸುತ್ತಿತ್ತು. ರಾತ್ರಿ ತಿರುಗಿದರೆ ಚಿರತೆಯ ಬಾಯಿಗೆ ಬೀಳುತ್ತದೆ ಎಂದು ನಾನೇ ಅದನ್ನು ಕೊಟ್ಟಿಗೆಯ ಹೊರಗಿನ ಕಂಬಕ್ಕೆ ಕಟ್ಟುತ್ತಿದ್ದೆ. ಕ್ಷೇಮಕ್ಕೆಂದೇ ಕಟ್ಟಿದ್ದು. ಕಟ್ಟುವಾಗ ಕೊರಳು ತಾನೇ ಮುಂದೆ ಮಾಡುತ್ತಿತ್ತು. ಒಂದು ಮಾಗಿಯ ರಾತ್ರಿ ಒಂದೇ ಒಂದು ಕೂಗು ಕೇಳಿತು. ಲಾಟೀನು, ಬ್ಯಾಟರಿ ಹಿಡಿದು ಓಡುವಷ್ಟರಲ್ಲಿ ಸರಪಳಿಯ ತುದಿಯಲ್ಲಿ ಪಟ್ಟಿ ಮಾತ್ರ ಉಳಿದಿತ್ತು. ಬಿಟ್ಟಿದ್ದರೆ ಓಡಿ ಜಗುಲಿ ಹತ್ತುತ್ತಿತ್ತು. ನಾನು ಕಟ್ಟಿದ್ದರಿಂದ ಅಲ್ಲೇ ನಿಂತಿತು.

ಮಹಾರಾಷ್ಟ್ರದ ಅಕೋಲೆ ಎಂಬಲ್ಲಿ, ಜನವಸತಿಯ ನಡುವೆ ಓಡಾಡುವ ಚಿರತೆಗಳ ಆಹಾರವನ್ನು ಅಧ್ಯಯನ ಮಾಡಿದವರು, ತೂಕದ ಲೆಕ್ಕದಲ್ಲಿ ಅದರ ನೂರಕ್ಕೆ 39 ಭಾಗ ನಾಯಿಯೇ ಎಂದು ಕಂಡುಕೊಂಡಿದ್ದಾರೆ. ಓದಿದಾಗ ನನಗೆ ಅಚ್ಚರಿಯಾಗಲಿಲ್ಲ. ಚಿರತೆಯ ಮೇಲೂ ನನಗೆ ಸಿಟ್ಟಿಲ್ಲ.

ಆದ್ದರಿಂದ, ಕಟ್ಟಿದ ನಾಯಿಯನ್ನು ಹೊರಗೆ ಬಿಡಲೇಬೇಡಿ. ಕಟ್ಟುವುದಾದರೆ ಒಳಗೆ, ಬಾಗಿಲು ಹಾಕಿದ ಜಾಗದಲ್ಲಿ. ಈಗ ನಮ್ಮಲ್ಲಿರುವ ನಾಯಿ ರಾತ್ರಿ ಅಡಿಕೆ ಸುಲಿಯುವ ಕೋಣೆಯಲ್ಲಿ ಮಲಗುತ್ತದೆ, ಬಾಗಿಲಿಗೆ ಒಳಗಿನಿಂದ ಅಗಳಿ. ಅದಕ್ಕೆ ಸರಪಳಿ ನಾನು ಕೊಂಡೇ ಇಲ್ಲ.

ವೀರಗಲ್ಲು, ಶಿಕಾರಿಪುರ · ಏಪ್ರಿಲ್ 19

ಕಾನಂಚಿನವರ ಬರಹ ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ. ಮೋತಿಗೊಂದು ಕಲ್ಲು ಇರಬೇಕಿತ್ತು ಅನಿಸಿತು. ನಮ್ಮ ನಾಡಿನಲ್ಲಿ ಅಂಥದ್ದು ನಡೆದಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949ರ ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಬಿದ್ದ ಮೇಲೆ ಗಂಗರ ಇಮ್ಮಡಿ ಬೂತುಗ ತನ್ನ ವೀರ ಮಣಲೇರನಿಗೆ ಮೆಚ್ಚಿ, ಬೇಕಾದ್ದನ್ನು ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಕಾದಾಡಿ, ಎರಡೂ ಸತ್ತವು. ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನಲ್ಲಿ ನಾಯಿಯೂ ಹಂದಿಯೂ ಎದುರುಬದುರಾಗಿವೆ.

ನಾನು ಮಕ್ಕಳಿಗೆ ಇತಿಹಾಸ ಹೇಳುವವನು. ಯುದ್ಧ ಗೆದ್ದವನು ಊರು, ಹೊನ್ನು ಕೇಳಬಹುದಾಗಿದ್ದಾಗ ಜೊತೆಗೊಂದು ನಾಯಿ ಕೇಳಿದ ಎಂದರೆ ತರಗತಿ ನಿಶ್ಶಬ್ದವಾಗುತ್ತದೆ.

ಪಶುವೈದ್ಯೆ, ಶಿವಮೊಗ್ಗ · ಏಪ್ರಿಲ್ 19

ಇದಕ್ಕೆ ಸೇರಿಸಬೇಕಾದ ಇನ್ನೊಂದು ಗೋರಿಯ ಕಥೆಯಿದೆ. ಜರ್ಮನಿಯ ಬಾನ್ ಬಳಿಯ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಸುಮಾರು 14,000 ವರ್ಷ ಹಳೆಯ ಸಮಾಧಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಏಳು ತಿಂಗಳು ತುಂಬದ ನಾಯಿಮರಿ. ಆ ಮರಿಯ ಹಲ್ಲುಗಳನ್ನು ಮತ್ತೆ ಪರೀಕ್ಷಿಸಿದವರು 2018ರಲ್ಲಿ ಬರೆದದ್ದು ಇದು: ಅದಕ್ಕೆ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ ಬಂದಿದ್ದಿರಬೇಕು, ಆರೈಕೆ ಇಲ್ಲದೆ ಅದು ಅಷ್ಟು ವಾರ ಬದುಕುತ್ತಿರಲಿಲ್ಲ. ಡಿಸ್ಟೆಂಪರ್ ಬಂದ ಮರಿ ಹೇಗಿರುತ್ತದೆ ಎಂದು ನನಗೆ ಗೊತ್ತು. ವಾಂತಿ, ಭೇದಿ, ಆಮೇಲೆ ನಡುಕ. ಅದರಿಂದ ಬೇಟೆಗೂ ಕಾವಲಿಗೂ ಏನೂ ಪ್ರಯೋಜನವಿಲ್ಲ. ಬಟ್ಟೆ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು ತರುವವರನ್ನು ಇಂದಿಗೂ ನೋಡುತ್ತೇನೆ. ಹೆಚ್ಚಿನವು ಉಳಿಯುವುದಿಲ್ಲ. ಆದರೂ ರಾತ್ರಿಯೆಲ್ಲ ಹತ್ತಿಯಿಂದ ನೀರು ಹಿಂಡುತ್ತಾ ಕೂರುತ್ತಾರೆ.

ಹೊಳೆಯಾಚೆ, ತೀರ್ಥಹಳ್ಳಿ ತಾಲ್ಲೂಕು · ಮೇ 9

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಸಾಗರದ ಅಮ್ಮ ಹೇಳಿದಂತೆ ಅಂದಿನಿಂದ ದಿನವೂ ನಾಲ್ಕೂವರೆಗೆ ಉಣುಗೋಲಿಗೆ ಹೋಗುತ್ತಿದ್ದೇನೆ. ಮೊದಲ ನಾಲ್ಕು ದಿನ ನನ್ನನ್ನು ಕಂಡು ಎದ್ದುಹೋದ. ಐದನೆಯ ದಿನ ಎದ್ದ, ಹೋಗಲಿಲ್ಲ. ಹತ್ತನೆಯ ದಿನದ ಹೊತ್ತಿಗೆ ನಾನು ಬಂದರೆ ಕಿವಿ ಮಾತ್ರ ತಿರುಗಿಸುತ್ತಿದ್ದ. ಮೊಬೈಲ್ ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಆ ದಾರಿಯನ್ನು ನಾನು ಅಷ್ಟು ಹೊತ್ತು ನೋಡಿದ್ದೇ ಇಲ್ಲ. ಅಪ್ಪ ಸೈಕಲ್ ಒರಗಿಸುತ್ತಿದ್ದ ಮರದಲ್ಲಿ ಹ್ಯಾಂಡಲಿನ ಗುರುತು ಬಿದ್ದಿದೆ. ಹನ್ನೊಂದು ವರ್ಷದಲ್ಲಿ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಮೊನ್ನೆ ಅವನು ನನ್ನಿಂದ ಎರಡು ಮಾರು ದೂರದಲ್ಲಿ, ನನಗೆ ಬೆನ್ನು ಹಾಕಿ ಮಲಗಿದ. ಬೆನ್ನು ಹಾಕಿದನಲ್ಲ ಎಂದು ಮೊದಲು ಸಂಕಟವಾಯಿತು.

ಪಶುವೈದ್ಯೆ, ಶಿವಮೊಗ್ಗ · ಮೇ 9

ಸಂಕಟ ಬೇಡ. ಹೆದರಿದ ನಾಯಿ ನಮ್ಮ ಕೈ ಕಾಲುಗಳ ಮೇಲೆ ಕಣ್ಣಿಟ್ಟಿರುತ್ತದೆ. ನಿಮಗೆ ಬೆನ್ನು ಕೊಟ್ಟು ಮಲಗಿದ್ದಾನೆ ಎಂದರೆ ಆ ಕಡೆಯಿಂದ ಏನೂ ಬಾರದು ಎಂದು ತಿಳಿದಿದ್ದಾನೆ. ಲಸಿಕೆಯ ಚೀಟಿ ಸಿಕ್ಕಿತೇ?

ಹೊಳೆಯಾಚೆ, ತೀರ್ಥಹಳ್ಳಿ ತಾಲ್ಲೂಕು · ಮೇ 9

ಸಿಕ್ಕಿತು. ಪಂಚಾಂಗದ ನಡುವೆ ಇಟ್ಟಿದ್ದರು. ಕೊನೆಯದು ಎರಡು ವರ್ಷದ ಹಿಂದೆ. ಅಪ್ಪ ಹಾಸಿಗೆ ಹಿಡಿದ ಮೇಲೆ ಹಾಕಿಸಿಲ್ಲ. ಹಾಕಿಸಲೇಬೇಕು, ಆದರೆ ಮತ್ತೆ ಹಿಡಿದರೆ ಈ ಎರಡು ಮಾರು ಮತ್ತೆ ಇಪ್ಪತ್ತಾಗುತ್ತದೆಯೇ ಎಂದು ಹೆದರಿಕೆ.

ತುಂಗಾತೀರ, ಶಿವಮೊಗ್ಗ · ಮೇ 9

ಹೆದರಿಕೆ ಅರ್ಥವಾಗುತ್ತದೆ. ಆದರೂ ಹಾಕಿಸಿ ಸಹೋದರ. ನಿಮ್ಮ ಕೇರಿಯಲ್ಲೂ ಮಕ್ಕಳಿದ್ದಾರೆ.

ಪಶುವೈದ್ಯೆ, ಶಿವಮೊಗ್ಗ · ಮೇ 10

ಕರೆಯಬೇಡಿ, ಬಿಸ್ಕತ್ತು ತೋರಿಸಬೇಡಿ. ನಿಮ್ಮ ತಂದೆ ಮಾಡುತ್ತಿದ್ದಂತೆ ನೀವೇ ಅವನಿರುವಲ್ಲಿಗೆ ಹೋಗಿ. ಹಗ್ಗವನ್ನು ಬೆನ್ನ ಹಿಂದೆ ಬಚ್ಚಿಡಬೇಡಿ, ಅವನು ನೋಡಲಿ, ಮೂಸಲಿ. ಎರಡು ಮೂರು ದಿನ ಹಗ್ಗ ಹಾಕಿ ತಕ್ಷಣ ಬಿಚ್ಚಿ. ಆಮೇಲೆ ವೈದ್ಯರನ್ನು ಮನೆಗೆ ಕರೆಸಿ. ಸೂಜಿ ಚುಚ್ಚಿದ ಕೂಡಲೇ ಹಗ್ಗ ಬಿಚ್ಚಿ, ಹೋಗಲು ಬಿಡಿ. ನೋವನ್ನು ನಾಯಿ ಸಹಿಸುತ್ತದೆ.

ಹೊಳೆಯಾಚೆ, ತೀರ್ಥಹಳ್ಳಿ ತಾಲ್ಲೂಕು · ಮೇ 31

ಲಸಿಕೆ ಆಯಿತು. ಉಣುಗಿನ ಔಷಧಿಯೂ ಆಯಿತು. ಒಸಡು ಕೆಂಪಗೇ ಇದೆ ಎಂದು ವೈದ್ಯರು ಹೇಳಿದರು.

ನಡೆದದ್ದು ಹೀಗೆ. ಹಗ್ಗ ಹಿಡಿದು ಹೋದಾಗ ಕೆಂಚ ಕಲ್ಲುಮರಿಗೆಯ ಪಕ್ಕದಲ್ಲಿ ಮಲಗಿದ್ದ. ನಡುಗಿದ, ಏಳಲಿಲ್ಲ. ಕೊರಳಿಗೆ ಹಗ್ಗ ಹಾಕುವಾಗ ನನ್ನ ಕೈ ಅವನಿಗಿಂತ ಹೆಚ್ಚು ನಡುಗುತ್ತಿತ್ತು. ಅಪ್ಪನ ನಂತರ ಅವನ ಮೈ ಮುಟ್ಟಿದ್ದು ನಾನು ಅದು ಎರಡನೆಯ ಸಲ. ಸೂಜಿ ಚುಚ್ಚಿದಾಗ ಒಮ್ಮೆ ಕುಂಯ್ ಎಂದ. ಹಗ್ಗ ಬಿಚ್ಚಿದ ಕೂಡಲೇ ತೋಟಕ್ಕೆ ಓಡಿದ. ಆ ಸಂಜೆ ಉಣುಗೋಲಿಗೂ ಬರಲಿಲ್ಲ. ನಾನೊಬ್ಬನೇ ಕೂತು ಎದ್ದು ಬಂದೆ.

ರಾತ್ರಿ ದೊಡ್ಡ ಗುಡುಗುಮಳೆ. ವಿದ್ಯುತ್ ಹೋಯಿತು. ಚಿರತೆಯ ಭಯದಿಂದ ಬ್ಯಾಟರಿ ಹಿಡಿದು ಜಗುಲಿಗೆ ಬಂದೆ. ಕರೆಯಲೇ ಎಂದು ಬಾಯಿಯ ತನಕ ಬಂತು. ಕರೆಯಲಿಲ್ಲ. ಬಾಗಿಲು ತೆರೆದಿಟ್ಟು ಬಚ್ಚಲಿಗೆ ಹೋಗಿ ಒಲೆಗೆ ಎರಡು ಸೌದೆ ಕುಂಟೆ ತುರುಕಿ ಕೂತೆ. ಎಷ್ಟು ಹೊತ್ತಾಯಿತೋ ತಿಳಿಯದು. ನೆನೆದ ನಾಯಿಯ ವಾಸನೆ ಮೊದಲು ಬಂತು. ಆಮೇಲೆ ಅವನು ಬಂದ. ಮೈ ಕೊಡವಿದ, ಬೂದಿಯ ಮೇಲೆ ಎರಡು ಸುತ್ತು ತಿರುಗಿ ಮಲಗಿದ, ಗಲ್ಲವನ್ನು ನನ್ನ ಪಾದದ ಮೇಲಿಟ್ಟ. ಕಾಲು ಜೋಮು ಹಿಡಿಯಿತು, ನಾನು ಅಲುಗಾಡಲಿಲ್ಲ. ಅಮ್ಮ ಬಂದು ನೋಡಿ, ಬಾಗಿಲು ಹಾಕಿ ಅಗಳಿ ಸರಿಸಿ ಹೋದರು.

ಅಂದಿನಿಂದ ರಾತ್ರಿ ಬಚ್ಚಲಲ್ಲೇ ಮಲಗುತ್ತಾನೆ. ಊಟ ಪೂರ್ತಿ ಮಾಡುತ್ತಾನೆ. ಸಂಜೆ ಉಣುಗೋಲಿಗೆ ಹೋಗುವುದನ್ನು ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ. ನಿನ್ನೆ ಅಮ್ಮನೂ ಮಣೆ ತೆಗೆದುಕೊಂಡು ಬಂದರು.

ಕಾನಂಚಿನ ಅಣ್ಣ, ಆ ಸರಪಳಿಯನ್ನು ಹಳೆ ಕಬ್ಬಿಣದವನಿಗೆ ಹಾಕಿದೆ.

ಬಚ್ಚಲೊಲೆ, ಸಾಗರ · ಮೇ 31

ಓದಿ ನಮ್ಮ ಮನೆಯ ಒಲೆಯ ಹತ್ತಿರ ಹೋಗಿ ಬಂದೆ ತಮ್ಮಾ. ‘ಬಾರೋ’ ಎಂದು ಕರೆದೆಯಾ?

ಹೊಳೆಯಾಚೆ, ತೀರ್ಥಹಳ್ಳಿ ತಾಲ್ಲೂಕು · ಜೂನ್ 1

ಇನ್ನೂ ಇಲ್ಲ ಅಮ್ಮ. ನಾಳೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವವರು ಬರುತ್ತಾರೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಇದನ್ನೆಲ್ಲ ಈಗ ಕಲಿಯುತ್ತಿದ್ದೇನೆ. ಕೆಂಚ ಎಲ್ಲೆಂದರಲ್ಲಿ ನೀರು ಕುಡಿಯುವವನು, ಡ್ರಮ್ಮಿಗೆ ಮುಚ್ಚಳ ಹುಡುಕಬೇಕು. ಬರೆಯುವಾಗ ಜಗುಲಿಯ ಮೆಟ್ಟಿಲಲ್ಲಿ ಮಲಗಿದ್ದಾನೆ, ನನಗೆ ಬೆನ್ನು ಹಾಕಿ.